ಒಪ್ಪಿಗೆಯ ಕಾಗದ, ಪಡಿತರದ ಲೆಕ್ಕ: ನಿರಾಶ್ರಿತರ ಮರಳುವಿಕೆಯ ಚರ್ಚೆ

2021ರ ಅಕ್ಟೋಬರ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿಗೆ ಒಂದು ಪ್ರಮಾಣಪತ್ರ ಸಲ್ಲಿಸಿತು. ಬೆಂಗಳೂರು ನಗರದಲ್ಲಿ ಮ್ಯಾನ್ಮಾರ್‌ನಿಂದ ಓಡಿಬಂದ 72 ಮಂದಿ ರೋಹಿಂಗ್ಯಾಗಳನ್ನು ಗುರುತಿಸಲಾಗಿದೆ, ಅವರು ಬೇರೆ ಬೇರೆ ಕೆಲಸಗಳಲ್ಲಿ ತೊಡಗಿದ್ದಾರೆ, ನಗರ ಪೊಲೀಸರು ಅವರ ಮೇಲೆ ಬಲವಂತದ ಕ್ರಮ ಕೈಗೊಂಡಿಲ್ಲ, ಸದ್ಯಕ್ಕೆ ಗಡೀಪಾರು ಮಾಡುವ ಯೋಜನೆಯೂ ಇಲ್ಲ ಎಂದು ಅದರಲ್ಲಿ ಹೇಳಲಾಗಿತ್ತು. ಅದೇ ತಿಂಗಳು ಮುಗಿಯುವುದರೊಳಗೆ ಪರಿಷ್ಕೃತ ಪ್ರಮಾಣಪತ್ರ ಹೋಯಿತು. ಗಡೀಪಾರಿನ ಯೋಜನೆ ಇಲ್ಲ ಎಂಬ ಸಾಲು ಅದರಲ್ಲಿರಲಿಲ್ಲ. ನ್ಯಾಯಾಲಯ ಏನು ಆದೇಶಿಸುತ್ತದೆಯೋ ಅದನ್ನು ಪಾಲಿಸುತ್ತೇವೆ ಎಂಬ ಮಾತು ಆ ಜಾಗಕ್ಕೆ ಬಂದಿತ್ತು. ಎರಡು ಪತ್ರಗಳ ನಡುವಿನ ಈ ವ್ಯತ್ಯಾಸದ ಬಗ್ಗೆ ಆಗ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಯಿತು. ಆದರೆ ಇಟ್ಟುಕೊಳ್ಳುವುದೋ ಕಳಿಸುವುದೋ ಎಂಬ ಆ ಚರ್ಚೆಯಲ್ಲಿ, ಈ ಜನರಿಗೆ ಮರಳುವ ಇಚ್ಛೆ ಇದೆಯೇ, ಇದ್ದರೆ ಯಾವ ಷರತ್ತಿನ ಮೇಲೆ, ಅದನ್ನು ಅವರಿಂದ ಕೇಳಿ ತಿಳಿಯಬೇಕಾದವರು ಯಾರು ಎಂಬ ಪ್ರಶ್ನೆಗೆ ಜಾಗವೇ ಸಿಗಲಿಲ್ಲ. ಜಿನೀವಾದಲ್ಲಿ, ನ್ಯೂಯಾರ್ಕಿನಲ್ಲಿ, ಢಾಕಾದಲ್ಲಿ ಇಂದು ನಡೆಯುತ್ತಿರುವ ವಾದವೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಕಾನೂನಿನ ಸ್ಥಿತಿಯನ್ನು ಮೊದಲು ನೋಡೋಣ. 1951ರ ನಿರಾಶ್ರಿತರ ಒಡಂಬಡಿಕೆಯ 33ನೇ ವಿಧಿಯ ಪ್ರಕಾರ, ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ನೆಲಕ್ಕೆ ನಿರಾಶ್ರಿತರನ್ನು ಯಾವ ರೂಪದಲ್ಲೂ ಹಿಂದಕ್ಕೆ ದಬ್ಬುವಂತಿಲ್ಲ. ಅದೇ ಒಡಂಬಡಿಕೆಯ ಮೊದಲನೇ ವಿಧಿಯ ಇನ್ನೊಂದು ಭಾಗದ ಪ್ರಕಾರ, ಓಡಿಬರಲು ಕಾರಣವಾಗಿದ್ದ ಪರಿಸ್ಥಿತಿ ಇಲ್ಲವಾದರೆ ನಿರಾಶ್ರಿತರೆಂಬ ಸ್ಥಾನಮಾನವೂ ಮುಗಿಯುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಸ್ವಇಚ್ಛೆಯಿಂದ ಮರಳುವುದರ ಬಗ್ಗೆ ಈ ಒಡಂಬಡಿಕೆಯಲ್ಲಿ ಯಾವ ವಿಧಿಯೂ ಇಲ್ಲ. ಆ ವಿಚಾರ ಬರುವುದು 1950ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ, ನಿರಾಶ್ರಿತರ ಹೈಕಮಿಷನರ್ ಕಚೇರಿಯ, ಅಂದರೆ ಯುಎನ್‌ಎಚ್‌ಸಿಆರ್‌ನ, ಸ್ಥಾಪನಾ ನಿಯಮಗಳಲ್ಲಿ. ಸ್ಪಷ್ಟವಾದ ಕಾನೂನಿನ ರೂಪ ಅದಕ್ಕೆ ದೊರೆತದ್ದು 1969ರಲ್ಲಿ, ಆಫ್ರಿಕಾ ಖಂಡದ ದೇಶಗಳು ತಮ್ಮದೇ ಒಡಂಬಡಿಕೆ ಮಾಡಿಕೊಂಡಾಗ: ಯಾವ ನಿರಾಶ್ರಿತನನ್ನೂ ಅವನ ಇಚ್ಛೆಗೆ ವಿರುದ್ಧವಾಗಿ ಹಿಂದಕ್ಕೆ ಕಳಿಸುವಂತಿಲ್ಲ ಎಂದು ಅದರ 5ನೇ ವಿಧಿ ಹೇಳುತ್ತದೆ.

ಇದು ಬರಿಯ ತಾಂತ್ರಿಕ ವಿವರದಂತೆ ಕಂಡರೂ ಇಡೀ ವಿವಾದದ ಬೇರು ಇಲ್ಲಿಯೇ ಇದೆ. ಅಪಾಯ ನಿಜವಾಗಿ ಕಳೆದಿದೆ ಎಂದು ಸಾಬೀತಾದರೆ ಸರ್ಕಾರಕ್ಕೆ ನಿರಾಶ್ರಿತರ ಒಪ್ಪಿಗೆ ಬೇಕಿಲ್ಲ. ಅಪಾಯ ಉಳಿದಿದೆ ಎಂದಾದರೆ ಅವರನ್ನು ಕಳಿಸುವ ಅಧಿಕಾರವೇ ಇಲ್ಲ. ಒಪ್ಪಿಗೆಯ ಕಾಗದಕ್ಕೆ ಬೆಲೆ ಬರುವುದು ಇವೆರಡರ ನಡುವಿನ ಮಸುಕಾದ ಸ್ಥಿತಿಯಲ್ಲಿ: ಅಪಾಯ ಕಳೆದಿದೆ ಎಂದು ಯಾರೂ ಗಟ್ಟಿಯಾಗಿ ಹೇಳಲಾರರು, ಆದರೆ ಆಶ್ರಯ ಕೊಟ್ಟ ದೇಶಕ್ಕೆ ಸಾಕಾಗಿಹೋಗಿದೆ. ಅಂಥ ಹೊತ್ತಿನಲ್ಲಿ ನಿರಾಶ್ರಿತರೇ ತಾವಾಗಿ ಹೊರಟರೆ ಎಲ್ಲರಿಗೂ ಅನುಕೂಲ. ತವರಿನಲ್ಲಿ ಸುರಕ್ಷತೆ ಇದೆಯೇ ಎಂಬ ಕಷ್ಟದ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ಆಗ ಸರ್ಕಾರದಿಂದ ಜಾರಿ, ಸಹಿ ಹಾಕಿದವನ ಹೆಗಲೇರುತ್ತದೆ.

ಬಾಂಗ್ಲಾದೇಶದಲ್ಲಿರುವ ರೋಹಿಂಗ್ಯಾಗಳ ಚರಿತ್ರೆಯನ್ನು ಈ ಕಣ್ಣಿನಿಂದ ಓದಬೇಕು. 1978ರಲ್ಲಿ ಬರ್ಮಾದ, ಅಂದರೆ ಇಂದಿನ ಮ್ಯಾನ್ಮಾರ್‌ನ, ಸೇನೆ ನಡೆಸಿದ ನಾಗಮಿನ್ ಕಾರ್ಯಾಚರಣೆಯಿಂದ ತಪ್ಪಿಸಿಕೊಂಡು ಸುಮಾರು 2 ಲಕ್ಷ ಜನ ಗಡಿ ದಾಟಿದರು. ಮರಳುವುದಕ್ಕೆ ಅವರು ಒಪ್ಪದಿದ್ದಾಗ ಶಿಬಿರಗಳಿಗೆ ಹೋಗುವ ಪಡಿತರ ಕಡಿಮೆಯಾಯಿತು. ಸುಮಾರು 10,000 ಮಂದಿ, ಅವರಲ್ಲಿ ಹೆಚ್ಚಿನವರು ಮಕ್ಕಳು, ಶಿಬಿರಗಳಲ್ಲೇ ಸತ್ತರು. 1979ರ ಕೊನೆಯ ಹೊತ್ತಿಗೆ ಉಳಿದವರಲ್ಲಿ ಬಹುಪಾಲು ಜನ ಹಿಂದಿರುಗಿದ್ದರು. ದಾಖಲೆಯ ಮಟ್ಟಿಗೆ ಅದೊಂದು ಯಶಸ್ವಿ ಕಾರ್ಯಕ್ರಮ.

1991–92ರಲ್ಲಿ ಮತ್ತೆ ಸುಮಾರು 2.5 ಲಕ್ಷ ಜನ ಓಡಿಬಂದರು. ಆಗ ಸಡಾಕೊ ಒಗಾಟಾ ಹೈಕಮಿಷನರ್ ಆಗಿದ್ದರು. ಆ ದಶಕ ಸ್ವಇಚ್ಛೆಯ ಮರಳುವಿಕೆಯ ದಶಕವಾಗಬೇಕೆಂದು ಅವರು ಕರೆ ಕೊಟ್ಟಿದ್ದರು. ಶೀತಲ ಸಮರ ಮುಗಿದು, ಮೊಜಾಂಬಿಕ್‌ನಂಥ ಕಡೆ ಯುದ್ಧ ನಿಂತು, ಸುಮಾರು 17 ಲಕ್ಷ ಜನ ಊರಿಗೆ ಮರಳುತ್ತಿದ್ದ ಕಾಲವದು, ಆಶಾವಾದಕ್ಕೆ ಆಧಾರವಿತ್ತು. ಆದರೆ ಬಾಂಗ್ಲಾದೇಶದ ಶಿಬಿರಗಳಲ್ಲಿ 1994ರಿಂದ ಯುಎನ್‌ಎಚ್‌ಸಿಆರ್ ಒಬ್ಬೊಬ್ಬರನ್ನೂ ಕೂರಿಸಿ ವಿಚಾರಿಸುವ ಕ್ರಮ ಬಿಟ್ಟು ಸಾಮೂಹಿಕ ನೋಂದಣಿಗೆ ಇಳಿಯಿತು. ಗಡಿಗಳಿಲ್ಲದ ವೈದ್ಯರ ಸಂಸ್ಥೆ ಎಂಎಸ್‌ಎಫ್ 1995ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ತಮಗೆ ಬೇಡ ಎನ್ನುವ ಹಕ್ಕು ಇದೆಯೆಂಬುದೇ ಬಹುಪಾಲು ನಿರಾಶ್ರಿತರಿಗೆ ಗೊತ್ತಿರಲಿಲ್ಲವೆಂದು ಕಂಡುಬಂತು. ಸುಮಾರು 2.3 ಲಕ್ಷ ಜನ ಮರಳಿದರು. ಅವರಲ್ಲಿ ಎಷ್ಟೋ ಮಂದಿ, ಅವರ ಮಕ್ಕಳು, 2017ರ ಆಗಸ್ಟ್ ನಂತರ ಮತ್ತೊಮ್ಮೆ ನಾಫ್ ನದಿ ದಾಟಿ ಬಂದರು. ಆ ಸಲ ಬಂದವರ ಸಂಖ್ಯೆ 7 ಲಕ್ಷಕ್ಕೂ ಮೀರಿತ್ತು.

ಈ ನೆನಪು ಹೊತ್ತವರ ಮುಂದೆ 2018ರ ನವೆಂಬರ್‌ನಲ್ಲಿ ಮ್ಯಾನ್ಮಾರ್‌ಗೆ ಕರೆದೊಯ್ಯುವ ಬಸ್ಸುಗಳು ಬಂದು ನಿಂತವು, ಯಾರೂ ಹತ್ತಲಿಲ್ಲ. 2019ರ ಆಗಸ್ಟ್‌ನಲ್ಲಿ ಮ್ಯಾನ್ಮಾರ್ ಒಪ್ಪಿದ 3,450 ಹೆಸರುಗಳ ಪಟ್ಟಿಯೊಂದಿಗೆ ಮತ್ತೆ ಬಂದವು. ಆಗಲೂ ಖಾಲಿಯಾಗಿಯೇ ಹಿಂದಿರುಗಿದವು. 2023ರ ಮೇ ತಿಂಗಳಲ್ಲಿ 20 ಮಂದಿಯನ್ನು ಮ್ಯಾನ್ಮಾರ್‌ನ ಮೌಂಗ್ಡಾ ಪ್ರದೇಶಕ್ಕೆ ಕರೆದೊಯ್ದು, ಅವರಿಗಾಗಿ ಕಟ್ಟಿದ ವಸತಿಗಳನ್ನು ತೋರಿಸಲಾಯಿತು. ನೋಡಿ ಬಂದವರು ಪೌರತ್ವವಿಲ್ಲದೆ, ತಮ್ಮ ಹಳೆಯ ಊರು ಹೊಲಗಳಿಲ್ಲದೆ ಹೋಗಲಾರೆವೆಂದರು. ಅದೇ ವರ್ಷದ ಮಾರ್ಚ್‌ನಲ್ಲಿ ವಿಶ್ವ ಆಹಾರ ಕಾರ್ಯಕ್ರಮ ಹಣದ ಕೊರತೆಯಿಂದ ಪ್ರತಿ ವ್ಯಕ್ತಿಯ ತಿಂಗಳ ಪಡಿತರವನ್ನು 12 ಡಾಲರ್‌ನಿಂದ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಸಿತ್ತು. ಮರಳಲು ಒಪ್ಪಿಸುವ ಪ್ರಯತ್ನ ಮತ್ತು ತಟ್ಟೆಯಲ್ಲಿ ಅನ್ನ ಕಡಿಮೆಯಾಗುವುದು, ಎರಡೂ ಒಂದೇ ಋತುವಿನಲ್ಲಿ ನಡೆದವು. ಇದನ್ನು ಯಾರೋ ಕೂತು ಹೂಡಿದ ಸಂಚೆಂದು ನಾನು ಹೇಳುತ್ತಿಲ್ಲ. ದಾನಿ ದೇಶಗಳ ಉದಾಸೀನವೂ ಸಂಚಿನಷ್ಟೇ ಕೆಲಸ ಮಾಡಬಲ್ಲದು. 1978ರ ಪಾಠ ಕಲಿತ ಮೇಲೂ ಅದೇ ಪಡಿತರದ ಲೆಕ್ಕಕ್ಕೆ ಬಂದು ನಿಂತಿದ್ದೇವೆ ಎಂಬುದಷ್ಟೇ ಇಲ್ಲಿ ಮುಖ್ಯ.

ಬೆಂಗಳೂರಿನ ಬಾಡಿಗೆದಾರರಿಗೆ ಈ ತರ್ಕ ಹೊಸದಲ್ಲ. ಮಾಲೀಕ ನೋಟಿಸು ಕೊಡುವುದಿಲ್ಲ. ಮನೆಗೆ ನೀರು ಬಿಡುವುದನ್ನು ನಿಲ್ಲಿಸುತ್ತಾನೆ, ಬಾಡಿಗೆದಾರ ತಾನಾಗಿಯೇ ಮನೆ ಖಾಲಿ ಮಾಡಿದ ಎನ್ನುತ್ತಾನೆ. ವ್ಯತ್ಯಾಸವೇನೆಂದರೆ ಬಾಡಿಗೆದಾರನಿಗೆ ಮುಂದಿನ ಬೀದಿಯಲ್ಲಿ ಇನ್ನೊಂದು ಮನೆ ಸಿಗಬಹುದು. ಹಾಗಾಗಿ ಮರಳುವಿಕೆ ಸ್ವಇಚ್ಛೆಯದೇ ಎಂದು ಅಳೆಯಬೇಕಾದ ಜಾಗ ಮುಖ್ಯವಾಗಿ ಆಶ್ರಯ ಕೊಟ್ಟ ದೇಶವೇ. ಅಲ್ಲಿ ಉಳಿಯುವುದೂ ಒಂದು ನಿಜವಾದ ಆಯ್ಕೆಯಾಗಿದ್ದಾಗ ಮಾತ್ರ ಹೊರಡುವುದು ಆಯ್ಕೆಯಾಗುತ್ತದೆ. ಗುರುತಿನ ಕಾಗದ, ದುಡಿಯುವ ಅನುಮತಿ, ಮಕ್ಕಳ ಶಾಲೆ, ಪಡಿತರ, ಇವು ಇಲ್ಲದ ಕಡೆ ಪಡೆದ ಸಹಿಯಿಂದ ತವರಿನ ಸ್ಥಿತಿಯ ಬಗ್ಗೆ ಏನೂ ತಿಳಿಯುವುದಿಲ್ಲ; ಶಿಬಿರದ ಸ್ಥಿತಿಯಷ್ಟೇ ತಿಳಿಯುತ್ತದೆ.

ಇದಕ್ಕೆ ಎದುರಾಗಿ ಸರ್ಕಾರಗಳು ಮುಂದಿಡುವ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2024ರ ಕೊನೆಗೆ ಜಗತ್ತಿನಲ್ಲಿ ಮನೆಮಠ ಬಿಟ್ಟು ಚದುರಿದವರ ಸಂಖ್ಯೆ 12.3 ಕೋಟಿ, ಅವರಲ್ಲಿ ಗಡಿ ದಾಟಿದ ನಿರಾಶ್ರಿತರು 4.27 ಕೋಟಿ. ಇಂಥವರಲ್ಲಿ ಶೇ 73ರಷ್ಟು ಜನರಿಗೆ ಆಸರೆಯಾಗಿರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳು. ಬಾಂಗ್ಲಾದೇಶದ ಶಿಬಿರಗಳಿರುವ ಉಖಿಯಾ ಮತ್ತು ಟೆಕ್ನಾಫ್‌ನಲ್ಲಿ ಸ್ಥಳೀಯರಿಗಿಂತ ನಿರಾಶ್ರಿತರೇ ಹೆಚ್ಚಾಗಿ, ಕಾಡು ಕಡಿದುಹೋಗಿ, ಕೂಲಿ ಇಳಿದಾಗ ಅಲ್ಲಿಯ ಜನ ಸಿಟ್ಟಾಗುವುದು ಸಹಜ. ಮೂರನೆಯ ದೇಶಗಳು ಕರೆದುಕೊಂಡು ನೆಲೆ ಕೊಡುವ ದಾರಿಯಂತೂ ಕಿರಿದಾಗುತ್ತಲೇ ಇದೆ: 2024ರಲ್ಲಿ ಹಾಗೆ ನೆಲೆ ಕಂಡವರು 1,88,800 ಮಂದಿ, 2025ರ ಜನವರಿಯಲ್ಲಿ ಅಮೆರಿಕ ತನ್ನ ಕಾರ್ಯಕ್ರಮವನ್ನೇ ಸ್ಥಗಿತಗೊಳಿಸಿತು. ಅನುದಾನ ಕುಸಿದು ಯುಎನ್‌ಎಚ್‌ಸಿಆರ್ ಅದೇ ವರ್ಷ ಸುಮಾರು 3,500 ಹುದ್ದೆಗಳನ್ನು ಕಡಿತ ಮಾಡಿತು. ಒಪ್ಪಿಗೆ ನಿಜವೇ ಎಂದು ಕೂತು ಕೇಳಬೇಕಾದವರೇ ಹೀಗೆ ಕಡಿಮೆಯಾದರು.

2025ರ ಸೆಪ್ಟೆಂಬರ್‌ನಲ್ಲಿ ಮಹಾಸಭೆಯ ಬದಿಯಲ್ಲಿ ಅಮೆರಿಕ ನಡೆಸಿದ ಸಭೆ ಈ ವಾದವನ್ನು ನೇರವಾಗಿಯೇ ಮಂಡಿಸಿತು. ಆಶ್ರಯ ತಾತ್ಕಾಲಿಕವಾಗಿರಬೇಕು, ಯಾವ ದೇಶದಲ್ಲಿ ಆಶ್ರಯ ಎಂಬುದನ್ನು ವ್ಯಕ್ತಿ ಆರಿಸಿಕೊಳ್ಳುವಂತಿಲ್ಲ, ತವರಿಗೆ ಮರಳುವ ಸ್ಥಿತಿ ಬಂದಿದೆಯೇ ಎಂದು ತೀರ್ಮಾನಿಸುವವು ಸಾರ್ವಭೌಮ ರಾಷ್ಟ್ರಗಳೇ ಹೊರತು ಅಂತರರಾಷ್ಟ್ರೀಯ ಸಂಸ್ಥೆಗಳಲ್ಲ ಎಂಬುದು ಅದರ ಸಾರ. ಕೊನೆಯ ಅಂಶ ಕೇಳಿ ಹಲವರು ಬೆಚ್ಚಿದರು. ನನಗೆ ಅದರಲ್ಲಿ ಪೂರ್ತಿ ಹೊಸದೇನೂ ಕಾಣಲಿಲ್ಲ. ಸ್ಥಾನಮಾನ ಮುಗಿಯಿತೆಂದು ಹೇಳುವ ಅಧಿಕಾರ 1951ರಿಂದಲೂ ರಾಷ್ಟ್ರಗಳಿಗಿದೆ. ಆದರೆ ಆ ಅಧಿಕಾರದ ಜೊತೆಗೆ ಬದಲಾವಣೆ ಮೂಲಭೂತವೂ ಬಾಳುವಂಥದ್ದೂ ಆಗಿದೆಯೆಂದು ತೋರಿಸುವ ಹೊಣೆಯಿದೆ, ತನಗೆ ಇನ್ನೂ ಅಪಾಯವಿದೆ ಎನ್ನುವವನ ಮಾತನ್ನು ಪ್ರತ್ಯೇಕವಾಗಿ ಕೇಳುವ ಹೊಣೆಯಿದೆ. ಈ ಹೊಣೆ ಕಳಚಿದ ಅಧಿಕಾರ ಬರಿಯ ಗಡೀಪಾರು. ಆಫ್ಘನ್ನರ ವಿಷಯದಲ್ಲಿ ಆದದ್ದು ಅದೇ. ಪಾಕಿಸ್ತಾನ 2023ರ ಅಕ್ಟೋಬರ್‌ನಲ್ಲಿ ಗಡುವು ಕೊಟ್ಟಿತು, 2025ರಲ್ಲಿ ಇರಾನ್ ಇನ್ನೂ ದೊಡ್ಡ ಪ್ರಮಾಣದಲ್ಲಿ ಹೊರಹಾಕಿತು. ಆ ಒಂದೇ ವರ್ಷ ಎರಡೂ ದೇಶಗಳಿಂದ 20 ಲಕ್ಷಕ್ಕೂ ಹೆಚ್ಚು ಆಫ್ಘನ್ನರು ಹಿಂದಿರುಗಿದರು. ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ಬಾಗಿಲು ಮುಚ್ಚಿದ ದೇಶಕ್ಕೆ ಹೋದ ಈ ಎಲ್ಲರನ್ನೂ ಮರಳಿದವರ ಪಟ್ಟಿಯಲ್ಲಿ ಬರೆಯಲಾಗುತ್ತದೆ. ವಿಶ್ವಸಂಸ್ಥೆಯ ಕೈಯೂ ಯಾವಾಗಲೂ ಶುದ್ಧವಾಗಿರಲಿಲ್ಲ. 1996ರ ಡಿಸೆಂಬರ್‌ನಲ್ಲಿ, ರುವಾಂಡಾದವರೆಲ್ಲ ತಿಂಗಳ ಕೊನೆಯೊಳಗೆ ಮರಳಬೇಕೆಂಬ ಹೇಳಿಕೆಯನ್ನು ತಾಂಜಾನಿಯಾ ಸರ್ಕಾರದ ಜೊತೆ ಸೇರಿ ಹೊರಡಿಸಿದ್ದು ಯುಎನ್‌ಎಚ್‌ಸಿಆರ್. ಮರಳುವಿಕೆಗೆ ದೈಹಿಕ, ಕಾನೂನಿನ ಮತ್ತು ಜೀವನೋಪಾಯದ ಸುರಕ್ಷತೆ ಮೂರೂ ಬೇಕೆಂದು ಹೇಳುವ ಕೈಪಿಡಿಯನ್ನು ಅದು ಪ್ರಕಟಿಸಿದ್ದೂ ಅದೇ 1996ರಲ್ಲಿ.

ಪರಿಸ್ಥಿತಿ ನಿಜವಾಗಿ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಸಿರಿಯಾ ಉದಾಹರಣೆ. ಅಸಾದ್ ಆಡಳಿತ ಬೀಳುವ ಮೊದಲು ನಡೆದ ಸಮೀಕ್ಷೆಯಲ್ಲಿ, ವರ್ಷದೊಳಗೆ ಮರಳುತ್ತೇವೆ ಎಂದವರು ಶೇ 2ರಷ್ಟೂ ಇರಲಿಲ್ಲ. 2024ರ ಡಿಸೆಂಬರ್ 8ರಂದು ಆ ಆಡಳಿತ ಬಿತ್ತು. ಮುಂದಿನ ತಿಂಗಳ ಸಮೀಕ್ಷೆಯಲ್ಲಿ ಅದು ಶೇ 27ಕ್ಕೆ ಏರಿತು. 2025ರ ಸೆಪ್ಟೆಂಬರ್ ಹೊತ್ತಿಗೆ 10 ಲಕ್ಷ ನಿರಾಶ್ರಿತರು ಮರಳಿದ್ದರು. ಕುಟುಂಬದಿಂದ ಒಬ್ಬರು ಹೋಗಿ ಊರು ನೋಡಿ ಬರಲಿ, ಸರಿಯೆನಿಸದಿದ್ದರೆ ವಾಪಸು ಬರಲಿ ಎಂದು ಟರ್ಕಿ ಕೆಲವು ತಿಂಗಳು ಅವಕಾಶ ಕೊಟ್ಟಿತು. ಹಿಂದೆ ಇದೇ ಟರ್ಕಿಯಲ್ಲಿ ಸ್ವಇಚ್ಛೆಯ ಅರ್ಜಿಗಳಿಗೆ ಬಲವಂತದಿಂದ ಸಹಿ ಮಾಡಿಸಿಕೊಂಡ ದೂರುಗಳಿದ್ದವು ಎಂಬುದನ್ನೂ ಮರೆಯುವಂತಿಲ್ಲ. ಆದರೂ ನೋಡಿ ಬರುವ ಈ ಅವಕಾಶದಲ್ಲಿ ಒಂದು ತಿಳಿವಳಿಕೆಯಿದೆ: ಹೋದವನಿಗೆ ತಿರುಗಿ ಬರುವ ದಾರಿ ತೆರೆದಿದ್ದರೆ ಅವನ ತೀರ್ಮಾನವನ್ನು ನಂಬಬಹುದು. ಮ್ಯಾನ್ಮಾರ್‌ನಲ್ಲಿ ನಡೆದದ್ದು ಇದರ ತಿರುವುಮುರುವು. 2025ರ ಏಪ್ರಿಲ್‌ನಲ್ಲಿ ಸೇನಾ ಸರ್ಕಾರ 1.8 ಲಕ್ಷ ರೋಹಿಂಗ್ಯಾಗಳು ಮರಳಲು ಅರ್ಹರೆಂದು ಒಪ್ಪಿತು. ಆ ಹೊತ್ತಿಗೆ ಅವರ ಊರುಗಳಿರುವ ರಖೈನ್ ಪ್ರಾಂತ್ಯದ ಬಹುಭಾಗ ಅರಾಕನ್ ಆರ್ಮಿ ಎಂಬ ಬಂಡುಕೋರ ಪಡೆಯ ಕೈಯಲ್ಲಿತ್ತು. ಅರ್ಹತೆಯ ಚೀಟಿ ಕೊಡುವವನ ಕೈಯಲ್ಲಿ ನೆಲವಿಲ್ಲ, ನೆಲ ಹಿಡಿದವನು ಚೀಟಿಗೆ ಬದ್ಧನಲ್ಲ. ಅದೇ ಅವಧಿಯಲ್ಲಿ, ಸುಮಾರು ಒಂದೂವರೆ ವರ್ಷದೊಳಗೆ, ಇನ್ನೂ 1.5 ಲಕ್ಷ ಜನ ಬಾಂಗ್ಲಾದೇಶಕ್ಕೆ ಓಡಿಬಂದರು.

ಭಾರತ 1951ರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಹಾಗಿದ್ದರೂ ಒಪ್ಪಿಗೆಯನ್ನು ಹೇಗೆ ಪರೀಕ್ಷಿಸಬೇಕು ಎಂಬ ವಿಚಾರದಲ್ಲಿ ನಮ್ಮ ಪಕ್ಕದ ರಾಜ್ಯದಲ್ಲೇ ಒಂದು ಪಾಠ ನಡೆದುಹೋಗಿದೆ. 1991ರ ಮೇ ತಿಂಗಳಲ್ಲಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಆಗಸ್ಟ್‌ನಲ್ಲಿ ಹಂತಕರ ತಂಡ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಪತ್ತೆಯಾಗಿ, ಅಲ್ಲೇ ಅಂತ್ಯ ಕಂಡಿತು. ಆ ಕಾಲದಲ್ಲಿ ನಗರದಲ್ಲಿದ್ದವರಿಗೆ ಶ್ರೀಲಂಕಾ ತಮಿಳರ ಬಗ್ಗೆ ಹುಟ್ಟಿದ ಅನುಮಾನ ಎಷ್ಟು ದಟ್ಟವಾಗಿತ್ತೆಂದು ವಿವರಿಸಬೇಕಾಗಿಲ್ಲ. ಆ ವಾತಾವರಣದಲ್ಲಿ 1992ರ ಜನವರಿಯಿಂದ ತಮಿಳುನಾಡಿನ ಶಿಬಿರಗಳಲ್ಲಿದ್ದವರನ್ನು ಹಿಂದಕ್ಕೆ ಕಳಿಸುವ ಕೆಲಸ ಶುರುವಾಯಿತು. ಓದಲು ಬಾರದ ಇಂಗ್ಲಿಷ್ ಅರ್ಜಿಗಳಿಗೆ ಸಹಿ ಹಾಕಿಸಿಕೊಳ್ಳಲಾಗುತ್ತಿದೆ ಎಂಬ ಆಕ್ಷೇಪ ಕೇಳಿಬಂತು, ವಿಷಯ ಪಿ. ನೆಡುಮಾರನ್ ಪ್ರಕರಣವಾಗಿ ಮದ್ರಾಸ್ ಹೈಕೋರ್ಟಿಗೆ ಹೋಯಿತು. ಅದೇ ವರ್ಷದ ಜುಲೈನಲ್ಲಿ ಕೇಂದ್ರ ಸರ್ಕಾರ ಯುಎನ್‌ಎಚ್‌ಸಿಆರ್ ಚೆನ್ನೈಗೆ ಬರಲು ಒಪ್ಪಿತು. ಹೊರಡುವವರ ಇಚ್ಛೆ ನಿಜವೇ ಎಂದು ತಿಳಿಯುವ ಕೆಲಸವನ್ನು ನ್ಯಾಯಾಲಯ ಆ ಸಂಸ್ಥೆಗೆ ಬಿಟ್ಟಿತು. ಮುಂದೆ ಮೂರು ವರ್ಷಗಳಲ್ಲಿ 50,000ಕ್ಕೂ ಹೆಚ್ಚು ಜನ ಮರಳಿದರು. ವ್ಯವಸ್ಥೆ ನಿರ್ದೋಷವಾಗಿತ್ತೆಂದು ಯಾರೂ ಹೇಳಲಾರರು. ಶಿಬಿರಗಳ ಒಳಗೆ ಹೋಗಿ ಕೇಳಲು ಯುಎನ್‌ಎಚ್‌ಸಿಆರ್‌ಗೆ ಮುಕ್ತ ಅವಕಾಶವಿರಲಿಲ್ಲ. ಆದರೂ ಕಳಿಸುವವನೇ ಒಪ್ಪಿಗೆಯನ್ನೂ ಪ್ರಮಾಣೀಕರಿಸಬಾರದು ಎಂಬ ತತ್ವವನ್ನು, ಯಾವ ಒಡಂಬಡಿಕೆಯ ಬಲವೂ ಇಲ್ಲದೆ, ಭಾರತ ಆಗ ಆಚರಣೆಯಲ್ಲಿ ಒಪ್ಪಿಕೊಂಡಿತ್ತು.

2018ರ ಅಕ್ಟೋಬರ್‌ನಲ್ಲಿ ಆ ತತ್ವವನ್ನು ಬಿಟ್ಟುಕೊಡಲಾಯಿತು. 2012ರಿಂದ ಅಸ್ಸಾಮಿನಲ್ಲಿ ಬಂಧನದಲ್ಲಿದ್ದ ಏಳು ಮಂದಿ ರೋಹಿಂಗ್ಯಾಗಳನ್ನು ಮಣಿಪುರದ ಮೋರೆ ಗಡಿಯಲ್ಲಿ ಮ್ಯಾನ್ಮಾರ್‌ಗೆ ಒಪ್ಪಿಸಲಾಯಿತು. ಅವರು ಹೋಗಲು ಸಿದ್ಧರಿದ್ದಾರೆ ಎಂದು ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ಹೇಳಿತು, ನ್ಯಾಯಾಲಯ ಮಧ್ಯಪ್ರವೇಶಿಸಲಿಲ್ಲ. ಆರು ವರ್ಷ ಬಂಧನದಲ್ಲಿದ್ದವನು ಎಲ್ಲಿಗೆ ಹೋಗಲು ಒಪ್ಪುವುದಿಲ್ಲ ಎಂದು ನನಗೆ ಆಗಲೂ ಅನಿಸಿತ್ತು. 2021ರ ಏಪ್ರಿಲ್ 8ರ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 14 ಮತ್ತು 21ನೇ ವಿಧಿಗಳು ಎಲ್ಲ ವ್ಯಕ್ತಿಗಳಿಗೂ ಅನ್ವಯಿಸುತ್ತವೆ, ಆದರೆ ಗಡೀಪಾರಾಗದಿರುವ ಹಕ್ಕು ನಾಗರಿಕರಿಗೆ ಮಾತ್ರ ಇರುವ ನೆಲೆಸುವ ಹಕ್ಕಿನ ಭಾಗ ಎಂದಿತು. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ 1946ರ ಕಾಯ್ದೆಯ ಜಾಗಕ್ಕೆ ಬಂದರೂ ನಿರಾಶ್ರಿತರನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಲಿಲ್ಲ. ಸೆಪ್ಟೆಂಬರ್ 1ರಂದು ಹೊರಬಿದ್ದ ವಿನಾಯಿತಿ ಆದೇಶದಲ್ಲಿ ಟಿಬೆಟನ್ನರು, 2015ರ ಜನವರಿ 9ಕ್ಕೆ ಮೊದಲು ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರು, ಮೂರು ನೆರೆದೇಶಗಳ ಅಲ್ಪಸಂಖ್ಯಾತರು ಇದ್ದಾರೆ, ರೋಹಿಂಗ್ಯಾಗಳು ಇಲ್ಲ.

ಶ್ರೀಲಂಕಾದಲ್ಲಿ ಯುದ್ಧ ಮುಗಿದು ವರ್ಷಗಳೇ ಕಳೆದಿವೆ, ಅಲ್ಲಿಗೆ ಮರಳುವುದಕ್ಕೆ ಏನು ಅಡ್ಡಿ ಎಂದು ಕೇಳುವವರಿದ್ದಾರೆ. 2025ರಲ್ಲಿ ತಮಿಳುನಾಡಿನಿಂದ ಯುಎನ್‌ಎಚ್‌ಸಿಆರ್ ನೆರವಿನಿಂದಲೇ ಮರಳಿದ ವೃದ್ಧರೊಬ್ಬರನ್ನು, ದಶಕಗಳ ಹಿಂದೆ ಸರಿಯಾದ ದಾಖಲೆಯಿಲ್ಲದೆ ದೇಶ ಬಿಟ್ಟಿದ್ದರೆಂಬ ಕಾರಣಕ್ಕೆ ವಿಮಾನ ನಿಲ್ದಾಣದಲ್ಲೇ ಬಂಧಿಸಲಾಯಿತು. ಗುಂಡಿನ ಭಯ ಇಲ್ಲದಿದ್ದರೂ ಕಾನೂನಿನ ಭಯ ಉಳಿದಿರಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡುವ ತಮಿಳು ಕುಟುಂಬಗಳು ಅಲ್ಲಿಗೆ ಬಂದದ್ದು 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಿಂದ. ಸಿಲೋನಿನ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿದು, 1948ರ ಪೌರತ್ವ ಕಾನೂನಿನಿಂದ ಯಾವ ದೇಶದವರೂ ಅಲ್ಲದಂತಾದವರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ ಎಂದು ಎರಡು ಸರ್ಕಾರಗಳು ಹಂಚಿಕೊಂಡವು. ಉಳಿದ 1,50,000 ಮಂದಿಯನ್ನು 1974ರಲ್ಲಿ ಸರಿಪಾಲು ಮಾಡಿಕೊಂಡವು. ಕಾರ್ಮಿಕರ ಮುಖಂಡರ ಮಾತನ್ನು ಆಗ ಕೇಳಲಿಲ್ಲ. ಇಲ್ಲಿ ಹುಟ್ಟಿರದವರು, ಈ ನೆಲ ಕಂಡಿರದವರು ತಾಯ್ನಾಡಿಗೆ ಮರಳಿದವರೆಂಬ ಲೆಕ್ಕಕ್ಕೆ ಸೇರಿ ಸುಳ್ಯದ ಮಳೆಯಲ್ಲಿ ಬದುಕು ಕಟ್ಟಿಕೊಂಡರು.

ಟಿಬೆಟನ್ನರ ವಿಷಯ ಬೇರೆ ರೀತಿಯದು. ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ ಆಮೇಲೆ ಬಂದವು. ನೋಂದಣಿ ಪತ್ರ ಇದೆ, ಶಾಲೆ ಇದೆ, ಉಳುವ ಭೂಮಿ ಇದೆ. ಅವರಲ್ಲಿ ಕೆಲವರು ಯುರೋಪಿಗೆ, ಉತ್ತರ ಅಮೆರಿಕಕ್ಕೆ ಹೋಗಿದ್ದಾರೆ, ಹೆಚ್ಚಿನವರು ಇಲ್ಲೇ ಇದ್ದಾರೆ. ಹೋದವರು ಹಸಿವಿಗೆ ಹೆದರಿ ಹೋದರು ಎಂದಾಗಲಿ, ಉಳಿದವರು ದಾರಿ ಕಾಣದೆ ಉಳಿದರು ಎಂದಾಗಲಿ ಯಾರೂ ಅನುಮಾನಿಸಬೇಕಾಗಿಲ್ಲ. ಚಳಿಗಾಲದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಸ್ವೆಟರ್ ಮಾರುವ ಟಿಬೆಟನ್ ಹೆಂಗಸಿಗೂ, ಥಣಿಸಂದ್ರದ ಆಚೆ ಕಸ ವಿಂಗಡಿಸುವ ರೋಹಿಂಗ್ಯಾ ಗಂಡಸಿಗೂ ಇರುವ ವ್ಯತ್ಯಾಸ ಈ ಕಾಗದದ್ದು. ಯುಎನ್‌ಎಚ್‌ಸಿಆರ್ ಕೊಟ್ಟ ಕಾರ್ಡ್ ಅವನ ಜೇಬಿನಲ್ಲಿದ್ದರೂ ಠಾಣೆಯಲ್ಲಿ ಅದಕ್ಕೆ ಕಾನೂನಿನ ಬೆಲೆಯಿಲ್ಲ. ನೆಲಮಂಗಲದ ಹತ್ತಿರದ ಸೊಂಡೆಕೊಪ್ಪದಲ್ಲಿ ವಿದೇಶಿಯರ ಬಂಧನ ಕೇಂದ್ರ ಇದೆ ಎಂಬುದು ಅವನಿಗೂ ಗೊತ್ತು. ನಾಳೆ ಅವನೇ ಮ್ಯಾನ್ಮಾರ್‌ಗೆ ಹೊರಡುತ್ತೇನೆ ಎಂದರೆ ಆ ಮಾತನ್ನು ಹೇಗೆ ತೂಗುವುದು?

2025ರ ಜುಲೈ 31ರಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ, ರೋಹಿಂಗ್ಯಾಗಳು ನಿರಾಶ್ರಿತರೋ ಅಕ್ರಮವಾಗಿ ಬಂದವರೋ ಎಂಬುದೇ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ ಎಂದು ವಿಚಾರಣೆಯ ಅಂಶಗಳನ್ನು ಗೊತ್ತುಪಡಿಸಿತು. ಉತ್ತರ ಯಾವ ಕಡೆಗೆ ಬಂದರೂ ಕೆಲವರಾದರೂ ಹೋಗಲು ಒಪ್ಪಿದ್ದಾರೆ ಎಂಬ ಹೇಳಿಕೆ ಒಂದಲ್ಲ ಒಂದು ದಿನ ನ್ಯಾಯಾಲಯದ ಮುಂದೆ ಬರುತ್ತದೆ. ಅದನ್ನು ಸರ್ಕಾರದ ವಕೀಲರ ಬಾಯಿಂದ ಕೇಳಿ ಮುಗಿಸುವುದೋ, 1992ರಲ್ಲಿ ಚೆನ್ನೈಯಲ್ಲಿ ಮಾಡಿದಂತೆ ಹೊರಗಿನವರೊಬ್ಬರು ಆ ವ್ಯಕ್ತಿಯ ಭಾಷೆಯಲ್ಲೇ, ಪೊಲೀಸರಿಲ್ಲದ ಕೋಣೆಯಲ್ಲಿ ಕೇಳುವುದೋ ಎಂಬುದನ್ನು ತೀರ್ಮಾನಿಸಲು ಹೊಸ ಕಾಯ್ದೆಗಾಗಿಯೂ ಜಿನೀವಾದ ಅನುಮತಿಗಾಗಿಯೂ ಕಾಯಬೇಕಾಗಿಲ್ಲ.